ಕೆಮ್ಮಿಲ್ಲ, ಕಫ ಇಲ್ಲ, ಆದ್ರೂ ಟಿಬಿ: ಶ್ವಾಸಕೋಶದ ಹೊರಗಿನ ಕ್ಷಯದ ಲೆಕ್ಕ ಯಾಕೆ ಸಿಗ್ತಿಲ್ಲ?

2025ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಟಿಬಿ ವರದಿ ಬಂದಾಗ ನಮ್ಮಲ್ಲಿ ಎರಡು ಥರದ ಸುದ್ದಿ ಓಡಾಡ್ತು. ಒಂದು, ಭಾರತದಲ್ಲಿ 2015ರಲ್ಲಿ ಲಕ್ಷ ಜನಕ್ಕೆ 237 ಇದ್ದ ಹೊಸ ಕೇಸ್ 2024ಕ್ಕೆ 187ಕ್ಕೆ ಇಳಿದಿದೆ, ಅಂದ್ರೆ ಶೇ. 21 ಇಳಿಕೆ, ಜಗತ್ತಿನ ಸರಾಸರಿ ಇಳಿಕೆಗಿಂತ ಎಷ್ಟೋ ಮೇಲು ಅಂತ. ಇನ್ನೊಂದು, 2024ರಲ್ಲಿ 26 ಲಕ್ಷಕ್ಕೂ ಮೇಲೆ ರೋಗಿಗಳು ದಾಖಲಾದ್ರು, ಇಷ್ಟೊಂದು ಯಾವತ್ತೂ ಆಗಿರಲಿಲ್ಲ, 2025ರ ಒಳಗೆ ಟಿಬಿ ಮುಗಿಸ್ತೀವಿ ಅಂತ 2018ರಲ್ಲಿ ದಿಲ್ಲಿಯಲ್ಲಿ ಹೇಳಿದ ಗುರಿ ತಪ್ಪಿತು ಅಂತ. ಹಾಗಾದ್ರೆ ಟಿಬಿ ಕಮ್ಮಿ ಆಯ್ತಾ ಜಾಸ್ತಿ ಆಯ್ತಾ?

ಎರಡೂ ನಿಜಾನೇ. 187 ಅನ್ನೋದು ಅಂದಾಜು, ಊರಲ್ಲಿ ಒಟ್ಟು ಎಷ್ಟು ಜನಕ್ಕೆ ಕಾಯಿಲೆ ಬಂದಿರಬಹುದು ಅನ್ನೋ ಲೆಕ್ಕ. 26 ಲಕ್ಷ ಅನ್ನೋದು ಕೈಗೆ ಸಿಕ್ಕಿ ಸರ್ಕಾರದ ಟಿಬಿ ದಾಖಲಾತಿಯ ನಿಕ್ಷಯ್ ಪೋರ್ಟಲ್‌ನಲ್ಲಿ ಹೆಸರು ಬಿದ್ದವರ ಸಂಖ್ಯೆ. ಮುಂಚೆ ಕಾಯಿಲೆ ಇದ್ದೂ ಲೆಕ್ಕಕ್ಕೆ ಸಿಗದವರು ಈಗ ಸಿಗ್ತಿದ್ದಾರೆ, ಹಾಗಾಗಿ ಕಾಯಿಲೆ ಇಳಿದ್ರೂ ದಾಖಲಾತಿ ಏರುತ್ತೆ. ಇಷ್ಟು ತುಂಬಾ ಜನ ವಿವರಿಸಿದ್ದಾರೆ.

ಆದ್ರೆ ಆ 26 ಲಕ್ಷದ ಒಳಗೆ ಇನ್ನೊಂದು ಗುಂಪಿದೆ, ಅದರ ಮಾತು ಯಾರೂ ಅಷ್ಟಾಗಿ ಎತ್ತಲ್ಲ. ಭಾರತದಲ್ಲಿ ದಾಖಲಾಗೋ ಟಿಬಿ ರೋಗಿಗಳಲ್ಲಿ ಹೆಚ್ಚೂಕಮ್ಮಿ ನಾಲ್ಕರಲ್ಲಿ ಒಬ್ಬರಿಗೆ ಟಿಬಿ ಇರೋದು ಶ್ವಾಸಕೋಶದಲ್ಲಿ ಅಲ್ಲ. ಜಗತ್ತಿನ ಲೆಕ್ಕದಲ್ಲಿ ಇದು ಸುಮಾರು ಆರರಲ್ಲಿ ಒಬ್ಬರು. ಬ್ರಿಟನ್‌ನಲ್ಲಿ ಸುಮಾರು ಅರ್ಧದಷ್ಟು, ಅಲ್ಲಿ ಟಿಬಿ ಬರೋರಲ್ಲಿ ದಕ್ಷಿಣ ಏಷ್ಯಾದಿಂದ ಹೋದವರ ಪಾಲು ದೊಡ್ಡದು ಅನ್ನೋದೂ ಅದಕ್ಕೊಂದು ಕಾರಣ.

ಎಲ್ಲೆಲ್ಲಿ ಬರುತ್ತೆ

ಉಗುರು ಕೂದಲು ಬಿಟ್ರೆ ಮೈಯಲ್ಲಿ ಎಲ್ಲಿ ಬೇಕಾದ್ರೂ ಬರಬಹುದು. ಬ್ಯಾಕ್ಟೀರಿಯಾ ಒಳಗೆ ಹೋಗೋದು ಹೆಚ್ಚಾಗಿ ಉಸಿರಿನ ಮೂಲಕವೇ, ಶ್ವಾಸಕೋಶದಲ್ಲೇ ಮೊದಲು ಕೂರುತ್ತೆ, ಆಮೇಲೆ ರಕ್ತ ಮತ್ತು ದುಗ್ಧರಸದ ಜೊತೆ ಬೇರೆ ಬೇರೆ ಕಡೆ ಹೋಗಿ ಸುಮ್ನೆ ಮಲಗಿರುತ್ತೆ. ದೇಹದ ರೋಗನಿರೋಧಕ ಶಕ್ತಿ ಕುಗ್ಗಿದಾಗ, ಕೆಲವು ಸಲ ಎಷ್ಟೋ ವರ್ಷ ಆದ್ಮೇಲೆ, ಕೂತ ಜಾಗದಲ್ಲಿ ಎದ್ದು ಕೂರುತ್ತೆ.

ಎಲ್ಲಕ್ಕಿಂತ ಜಾಸ್ತಿ ಕಾಣೋದು ಕತ್ತಿನ ಗಂಟು ಮತ್ತು ಎದೆಯಲ್ಲಿ ನೀರು ತುಂಬೋದು. ಎದೆಯಲ್ಲಿ ನೀರು ಅಂದ್ರೆ ಶ್ವಾಸಕೋಶದ್ದೇ ಅಲ್ವಾ ಅನ್ಸುತ್ತೆ, ಆದ್ರೆ ಆ ನೀರು ನಿಲ್ಲೋದು ಶ್ವಾಸಕೋಶದ ಹೊರಗಿನ ಪದರದಲ್ಲಿ, ಹಾಗಾಗಿ ಅದನ್ನ ಹೊರಗಿನ ಟಿಬಿ ಅಂತಲೇ ಎಣಿಸ್ತಾರೆ. ಆಮೇಲೆ ಹೊಟ್ಟೆ, ಬೆನ್ನುಮೂಳೆ, ಮೆದುಳಿನ ಪೊರೆ, ಕಿಡ್ನಿ, ಗರ್ಭಕೋಶ, ಹೃದಯದ ಸುತ್ತಲಿನ ಚೀಲ, ಕಣ್ಣು, ಚರ್ಮ.

ಇಲ್ಲೇ ಮೊದಲ ತೊಡಕು. ಬೆನ್ನುಮೂಳೆ ಟಿಬಿ ಇದ್ದೋರು ಮೂಳೆ ಡಾಕ್ಟರ ಹತ್ರ ಹೋಗ್ತಾರೆ, ಹೊಟ್ಟೆಯದ್ದು ಗ್ಯಾಸ್ಟ್ರೋ ಡಾಕ್ಟರ ಹತ್ರ, ಮಕ್ಕಳಾಗಲಿಲ್ಲ ಅಂತ ಹೋದವರಿಗೆ ಸ್ತ್ರೀರೋಗ ತಜ್ಞರ ಹತ್ರ ಗೊತ್ತಾಗುತ್ತೆ, ಅಂದ್ರೆ ಟಿಬಿ ಅಂತ ಯಾರೂ ಟಿಬಿ ಸೆಂಟರ್‌ಗೆ ಹೋಗಲ್ಲ. ಬೆನ್ನುನೋವಿಗೆ ತಿಂಗಳುಗಟ್ಟಲೆ ನೋವಿನ ಮಾತ್ರೆ, ಎಣ್ಣೆ ಮಸಾಜು, ಬೆಲ್ಟು ಎಲ್ಲಾ ಆಗಿ, ಕಾಲು ಜೋಮು ಹಿಡಿದ ಮೇಲೆ ಎಂಆರ್‌ಐ ಮಾಡಿಸಿದಾಗ ಮೂಳೆ ಕರಗಿರೋದು ಕಾಣುತ್ತೆ.

ನಾಲ್ಕರಲ್ಲಿ ಒಂದು ಅನ್ನೋದು ಎಷ್ಟು ಗಟ್ಟಿ ಲೆಕ್ಕ?

ಅಷ್ಟೇನೂ ಗಟ್ಟಿ ಅಲ್ಲ, ಎರಡೂ ಕಡೆಯಿಂದ ಅಲುಗಾಡುತ್ತೆ.

ಕಮ್ಮಿ ತೋರಿಸೋ ಕಾರಣ ನೋಡಿ. ಒಬ್ಬರಿಗೆ ಶ್ವಾಸಕೋಶದಲ್ಲೂ ಇದೆ, ಬೆನ್ನುಮೂಳೆಯಲ್ಲೂ ಇದೆ ಅಂದ್ರೆ ನಿಯಮದ ಪ್ರಕಾರ ಅವರನ್ನ ಶ್ವಾಸಕೋಶದ ಟಿಬಿ ಅಂತಲೇ ಬರೀತಾರೆ. ಮೈಯೆಲ್ಲಾ ಹರಡೋ ಮಿಲಿಯರಿ ಟಿಬಿಯೂ ಅದೇ ಖಾತೆಗೆ. ಇನ್ನು 2019ರಿಂದ 2021ರ ತನಕ ನಡೆದ ರಾಷ್ಟ್ರೀಯ ಟಿಬಿ ಸಮೀಕ್ಷೆ, 15 ವರ್ಷ ಮೇಲ್ಪಟ್ಟವರಲ್ಲಿ ಲಕ್ಷಕ್ಕೆ 316 ಜನರಿಗೆ ಲ್ಯಾಬ್‌ನಲ್ಲಿ ಖಚಿತವಾದ ಟಿಬಿ ಇದೆ ಅಂತ ಹೇಳ್ತಲ್ಲ, ಅದು ನೇರವಾಗಿ ಹುಡುಕಿದ್ದು ಶ್ವಾಸಕೋಶದ ಟಿಬಿಯನ್ನ ಮಾತ್ರ. ರೋಗಲಕ್ಷಣ ಕೇಳಿದ್ರು, ಎದೆ ಎಕ್ಸ್‌ರೇ ತೆಗೆದ್ರು, ಕಫ ತಗೊಂಡ್ರು. ಮನೆಮನೆಗೆ ಹೋಗಿ ಎಲ್ಲರ ಹೊಟ್ಟೆ ಸ್ಕ್ಯಾನ್ ಮಾಡೋಕೆ, ಬೆನ್ನಿನ ನೀರು ತೆಗೆಯೋಕೆ ಆಗಲ್ಲ, ಅದು ಸಮೀಕ್ಷೆಯ ತಪ್ಪಲ್ಲ. ಆದ್ರೆ ಹೊರಗಿನ ಟಿಬಿಯ ಪಾಲನ್ನ ಆಮೇಲೆ ಅಂದಾಜಿನಲ್ಲಿ ಸೇರಿಸಬೇಕಾಗುತ್ತೆ ಅನ್ನೋದು ನೆನಪಿರಲಿ.

ಜಾಸ್ತಿ ತೋರಿಸೋ ಕಾರಣಾನೂ ಇದೆ. ಖಚಿತವಾಗದೇ ಟಿಬಿ ಮಾತ್ರೆ ಶುರು ಮಾಡೋದು ನಮ್ಮಲ್ಲಿ ಹಳೇ ಅಭ್ಯಾಸ. ಕರುಳಿನ ಟಿಬಿ ಮತ್ತು ಕರುಳಿನ ಉರಿಯೂತದ ಕ್ರೋನ್ಸ್ ಕಾಯಿಲೆ ಸ್ಕ್ಯಾನಲ್ಲಿ, ಬಯಾಪ್ಸಿಯಲ್ಲಿ ಕೂಡ ಅಣ್ಣತಮ್ಮಂದಿರ ಥರ ಕಾಣ್ತವೆ, ಎಷ್ಟೋ ಕ್ರೋನ್ಸ್ ರೋಗಿಗಳು ಮೊದಲು ಆರು ತಿಂಗಳು ಟಿಬಿ ಮಾತ್ರೆ ನುಂಗಿ ಗುಣ ಆಗದೇ ಆಮೇಲೆ ಸರಿಯಾದ ಔಷಧಿಗೆ ಬರ್ತಾರೆ. ಗರ್ಭಕೋಶದ ಟಿಬಿಯಲ್ಲಂತೂ ಬ್ಯಾಕ್ಟೀರಿಯಾದ ಡಿಎನ್ಎ ಹುಡುಕೋ ಪಿಸಿಆರ್ ಟೆಸ್ಟು ಒಂದೇ ಒಂದು ಪಾಸಿಟಿವ್ ಬಂತು ಅಂತ, ಬೇರೆ ಯಾವ ಲಕ್ಷಣ ಇಲ್ಲದೇ ಇದ್ರೂ, ಪೂರ್ತಿ ಕೋರ್ಸ್ ಕೊಡೋದು ಸರೀನಾ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ದಾಖಲಾತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಖಾಸಗಿ ಆಸ್ಪತ್ರೆಗಳಿಂದ ಬರುತ್ತೆ, ಅಲ್ಲಿ ಯಾವ ಆಧಾರದ ಮೇಲೆ ಟಿಬಿ ಅಂತ ಬರೆದ್ರು ಅನ್ನೋದು ಒಂದೊಂದು ಕಡೆ ಒಂದೊಂದು ಥರ.

ಕಫದ ಸುತ್ತ ಕಟ್ಟಿದ ವ್ಯವಸ್ಥೆ, ಅದರ ಬೇರು ತುಮಕೂರಲ್ಲಿ

ನಮ್ಮ ಟಿಬಿ ಕಾರ್ಯಕ್ರಮ ಇಷ್ಟೊಂದು ಕೆಮ್ಮು-ಕಫ ಅಂತ ಯಾಕೆ ಯೋಚಿಸುತ್ತೆ ಅಂದ್ರೆ ಅದಕ್ಕೊಂದು ಒಳ್ಳೇ ಕಾರಣಾನೇ ಇತ್ತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, ಬಳ್ಳಾರಿ ರಸ್ತೆಯಲ್ಲಿರೋ ಎನ್‌ಟಿಐ, 1959ರಲ್ಲಿ ಹುಟ್ಟಿದಾಗ ದೇಶದಲ್ಲಿ ಹಣ ಕಮ್ಮಿ, ಡಾಕ್ಟರು ಕಮ್ಮಿ, ಹಳ್ಳಿ ಜಾಸ್ತಿ. ಅಲ್ಲಿನ ಸಮಾಜಶಾಸ್ತ್ರದ ತಂಡ, ಬ್ಯಾನರ್ಜಿ ಮತ್ತು ಆಂಡರ್ಸನ್, ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮಾಡಿದ ಅಧ್ಯಯನ 1963ರಲ್ಲಿ ಪ್ರಕಟ ಆಯ್ತು. ಕಫದಲ್ಲಿ ಬ್ಯಾಕ್ಟೀರಿಯಾ ಇದ್ದೋರಲ್ಲಿ ಅರ್ಧಕ್ಕೂ ಹೆಚ್ಚು ಜನ ತಾವಾಗೇ ಯಾವುದೋ ಆಸ್ಪತ್ರೆಗೆ ಹೋಗಿ ಬಂದಿದ್ರು, ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿ ಬಾಟಲಿ! ಅದರಿಂದ ಬಂದ ತೀರ್ಮಾನ ಸರಳ: ಕೆಮ್ಮು ಅಂತ ಬಂದವರ ಕಫ ನೋಡಿ, ಸೂಕ್ಷ್ಮದರ್ಶಕ ಸಾಕು, ರೋಗಿ ಸಿಗ್ತಾನೆ. ಅಧ್ಯಯನ ಪ್ರಕಟ ಆಗಿದ್ದು 1963ರಲ್ಲಾದ್ರೂ, 1962ರ ರಾಷ್ಟ್ರೀಯ ಕಾರ್ಯಕ್ರಮ ನಿಂತಿದ್ದು ಇದೇ ಯೋಚನೆ ಮೇಲೆ, ಆಮೇಲೆ ಬಂದ ಡಾಟ್ಸ್ (ಕಣ್ಣೆದುರೇ ಮಾತ್ರೆ ನುಂಗಿಸೋ ಪದ್ಧತಿ) ಕೂಡ ಹಾಗೇ.

ಆ ಕಾಲಕ್ಕೆ ಅದು ಜಾಣ ನಿರ್ಧಾರ. ಹರಡೋದು ಶ್ವಾಸಕೋಶದ ಟಿಬಿ, ಹರಡೋರನ್ನ ಮೊದಲು ಹಿಡಿಯಿರಿ ಅನ್ನೋದ್ರಲ್ಲಿ ತಪ್ಪೇನಿಲ್ಲ. ಆದ್ರೆ ಅರವತ್ತು ವರ್ಷ ಆದ್ಮೇಲೂ ಬೋರ್ಡು, ಪೋಸ್ಟರು, ಆಶಾ ಕಾರ್ಯಕರ್ತೆಯರ ತರಬೇತಿ, ಲ್ಯಾಬ್ ಎಲ್ಲಾ 'ಎರಡು ವಾರಕ್ಕಿಂತ ಹೆಚ್ಚು ಕೆಮ್ಮು' ಅನ್ನೋದರ ಸುತ್ತಲೇ ಸುತ್ತುತ್ತೆ. 2024ರ ಡಿಸೆಂಬರ್ 7ಕ್ಕೆ ಶುರುವಾದ ನೂರು ದಿನದ ಅಭಿಯಾನದಲ್ಲಿ ಕೈಯಲ್ಲಿ ಹಿಡ್ಕೊಂಡು ಹೋಗೋ ಎಕ್ಸ್‌ರೇ ಮಷೀನು ಹಳ್ಳಿಗೆ ಬಂತು, ಕೆಮ್ಮಿಲ್ಲದವರಲ್ಲೂ ಟಿಬಿ ಸಿಕ್ತು, ಅದು ದೊಡ್ಡ ಸುಧಾರಣೆ, ಆದ್ರೆ ಅದೂ ನೋಡೋದು ಎದೆಯನ್ನೇ.

ಫಾರ್ಮಲಿನ್ ಬಾಟಲಿಯ ಸಮಸ್ಯೆ

ಸರಿ, ಹೊರಗಿನ ಟಿಬಿ ಅಂತ ಡಾಕ್ಟರಿಗೆ ಅನುಮಾನ ಬಂತು ಅನ್ಕೊಳ್ಳಿ. ಖಚಿತ ಮಾಡೋದು ಹೇಗೆ?

ಶ್ವಾಸಕೋಶದ ಟಿಬಿಯಲ್ಲಿ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಇರುತ್ತೆ, ಗಾಳಿ ಸಿಗೋ ಜಾಗ, ಬೆಳೆಯೋಕೆ ಅನುಕೂಲ. ಗಂಟಿನಲ್ಲಿ, ಎದೆ ನೀರಿನಲ್ಲಿ, ಮೆದುಳಿನ ಸುತ್ತಲಿನ ನೀರಿನಲ್ಲಿ ತುಂಬಾ ಕಮ್ಮಿ. ಸೂಕ್ಷ್ಮದರ್ಶಕದಲ್ಲಿ ಕಾಣಬೇಕು ಅಂದ್ರೆ ಒಂದು ಮಿಲಿಲೀಟರ್‌ನಲ್ಲಿ ಸುಮಾರು 10,000 ಬ್ಯಾಕ್ಟೀರಿಯಾ ಬೇಕು. ಬ್ಯಾಕ್ಟೀರಿಯಾದ ಡಿಎನ್ಎ ಹುಡುಕೋ ಸಿಬಿನ್ಯಾಟ್ ಮಷೀನಿಗೆ ಸುಮಾರು 130 ಸಾಕು, ಅದರ ಹೊಸ ಅಲ್ಟ್ರಾ ಕಾರ್ಟ್ರಿಜ್‌ಗೆ 16ರ ಆಸುಪಾಸು. ಆದ್ರೂ ಎದೆ ನೀರಿನಲ್ಲಿ ಸಿಬಿನ್ಯಾಟ್ ಅರ್ಧದಷ್ಟು ಕೇಸ್‌ಗಳನ್ನೇ ಹಿಡಿಯೋದು, ಗಂಟಿನಲ್ಲಿ ಪರವಾಗಿಲ್ಲ. ನೆಗೆಟಿವ್ ಬಂತು ಅಂದ ಮಾತ್ರಕ್ಕೆ ಟಿಬಿ ಇಲ್ಲ ಅಂತ ಹೇಳೋಕಾಗಲ್ಲ, ಅದಕ್ಕೇ ಡಾಕ್ಟರು ಎದೆ ನೀರಲ್ಲಿ ಎಡಿಎ ಅನ್ನೋ ಕಿಣ್ವದ ಪ್ರಮಾಣ, ಗಂಟಿನ ಸೂಜಿ ಟೆಸ್ಟು, ಸ್ಕ್ಯಾನು, ಮನೆಯಲ್ಲಿ ಬೇರೆಯವರಿಗೆ ಟಿಬಿ ಇತ್ತಾ ಅನ್ನೋದು, ಎಲ್ಲಾ ಸೇರಿಸಿ ತೀರ್ಮಾನ ಮಾಡೋದು.

ಇದರ ಮೇಲೆ ಒಂದು ಸಣ್ಣ ವಿಷಯ ಇದೆ, ಸಣ್ಣದು ಅಂತ ಕಂಡ್ರೂ ನನ್ನ ಪ್ರಕಾರ ಇಡೀ ಸಮಸ್ಯೆಯ ಗಂಟು ಇರೋದೇ ಇಲ್ಲಿ. ಆಪರೇಷನ್ ಮಾಡಿ ತೆಗೆದ ತುಂಡನ್ನ ರೂಢಿಯಂತೆ, ಕೆಡದಂತೆ ಇಡೋ ಫಾರ್ಮಲಿನ್ ಅನ್ನೋ ರಾಸಾಯನಿಕದ ಬಾಟಲಿಗೆ ಹಾಕಿ ಪೆಥಾಲಜಿಗೆ ಕಳಿಸ್ತಾರೆ. ಫಾರ್ಮಲಿನ್‌ನಲ್ಲಿ ಬ್ಯಾಕ್ಟೀರಿಯಾ ಸತ್ತೋಗುತ್ತೆ, ಕಲ್ಚರ್ (ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡೋದು) ಬೆಳೆಯಲ್ಲ, ಸಿಬಿನ್ಯಾಟ್‌ಗೂ ಅದು ಸರಿಯಾದ ಸ್ಯಾಂಪಲ್ ಅಲ್ಲ. ವರದಿ ಬರುತ್ತೆ 'ಟಿಬಿ ಥರ ಕಾಣ್ತಿದೆ' ಅಂತ, ಯಾವ ಔಷಧಿಗೆ ಬಗ್ಗುತ್ತೆ ಯಾವುದಕ್ಕೆ ಬಗ್ಗಲ್ಲ ಅನ್ನೋದು ಮಾತ್ರ ಗೊತ್ತಾಗಲ್ಲ. ಅದೇ ತುಂಡಿನ ಅರ್ಧವನ್ನ ಮಾಮೂಲಿ ಸಲೈನ್‌ನಲ್ಲಿ ಇನ್ನೊಂದು ಬಾಟಲಿಗೆ ಹಾಕಿದ್ರೆ ಅದೂ ಗೊತ್ತಾಗುತ್ತೆ. ಮತ್ತೆ ಬೆನ್ನುಮೂಳೆಗೆ ಸೂಜಿ ಹಾಕೋಕೆ, ಮತ್ತೆ ಹೊಟ್ಟೆ ತೆರೆಯೋಕೆ ಯಾವ ರೋಗಿಯೂ ಒಪ್ಪಲ್ಲ. ಬಯಾಪ್ಸಿಗೆ ಹೋಗೋರು ಡಾಕ್ಟರನ್ನ 'ಸಾರ್, ಒಂದು ಭಾಗ ಸಲೈನಲ್ಲೂ ಕಳಿಸ್ತೀರಾ' ಅಂತ ಧೈರ್ಯವಾಗಿ ಮೊದಲೇ ಕೇಳಬಹುದು.

ಔಷಧಿಗೆ ಬಗ್ಗದ ಟಿಬಿ: ಗೊತ್ತಿರೋದು ಕಫದ ಲೆಕ್ಕ

ಈಗ ರೆಸಿಸ್ಟೆನ್ಸ್ ವಿಷಯ. ಭಾರತದ ದೊಡ್ಡ ಸಮೀಕ್ಷೆ ನಡೆದಿದ್ದು 2014ರಿಂದ 2016ರಲ್ಲಿ, ಸುಮಾರು 5,000 ರೋಗಿಗಳು, 13 ಔಷಧಿಗಳ ಟೆಸ್ಟು. ಹೊಸ ರೋಗಿಗಳಲ್ಲಿ ಶೇ. 2.84, ಮುಂಚೆ ಚಿಕಿತ್ಸೆ ತಗೊಂಡವರಲ್ಲಿ ಶೇ. 11.6 ಜನಕ್ಕೆ ಎಂಡಿಆರ್ ಟಿಬಿ, ಅಂದ್ರೆ ಟಿಬಿಯ ಮುಖ್ಯ ಔಷಧಿಗಳಾದ ಐಸೋನಿಯಜಿಡ್ ಮತ್ತು ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಟಿಬಿ. ಐಸೋನಿಯಜಿಡ್ ಒಂದನ್ನೇ ನೋಡಿದ್ರೆ ಹೊಸಬರಲ್ಲೇ ಶೇ. 11, ಹಳಬರಲ್ಲಿ ಶೇ. 25.

ಆ 5,000 ಜನ ಎಲ್ಲರೂ ಕಫದಲ್ಲಿ ಬ್ಯಾಕ್ಟೀರಿಯಾ ಕಂಡ ಶ್ವಾಸಕೋಶದ ರೋಗಿಗಳು. ಹೊರಗಿನ ಟಿಬಿಯವರು ಅದರಲ್ಲಿ ಇರಲೇ ಇಲ್ಲ. ಹೊರಗಿನ ಟಿಬಿಯ ರೆಸಿಸ್ಟೆನ್ಸ್ ಬಗ್ಗೆ ಇರೋದು ದೊಡ್ಡ ಆಸ್ಪತ್ರೆಗಳ ಲ್ಯಾಬ್ ವರದಿಗಳು, ಒಂದೊಂದರಲ್ಲಿ ಒಂದೊಂದು ಶೇಕಡಾ. ಅಂಥಾ ಆಸ್ಪತ್ರೆಗೆ ಬರೋರೇ ಬೇರೆ ಕಡೆ ಗುಣ ಆಗದೇ ಬಂದವರು, ಹಾಗಾಗಿ ಅಲ್ಲಿ ಜಾಸ್ತಿ ಕಾಣೋದು ಸಹಜ. ತಾಲ್ಲೂಕು ಆಸ್ಪತ್ರೆಯಿಂದ ಹೆಚ್ಚಾಗಿ ಸ್ಯಾಂಪಲ್ಲೇ ಹೋಗಲ್ಲ, ಹಾಗಾಗಿ ಅಲ್ಲಿ ಲೆಕ್ಕ ಸೊನ್ನೆ. 'ಹೊರಗಿನ ಟಿಬಿಯಲ್ಲಿ ರೆಸಿಸ್ಟೆನ್ಸ್ ಇಷ್ಟು ಪರ್ಸೆಂಟ್' ಅಂತ ಎಲ್ಲಾದ್ರೂ ಓದಿದ್ರೆ ಮೊದಲು ನೋಡಬೇಕಾದ್ದು ಎಷ್ಟು ಜನಕ್ಕೆ ಟೆಸ್ಟ್ ಆಗಿತ್ತು, ಯಾವ ಆಸ್ಪತ್ರೆಯಲ್ಲಿ ಅನ್ನೋದನ್ನ.

ಬ್ಯಾಕ್ಟೀರಿಯಾ ಅದೇ, ಗಾಳಿಯಲ್ಲಿ ಬಂದಿದ್ದೂ ಅದೇ, ಹಾಗಾಗಿ ಶ್ವಾಸಕೋಶದ ಟಿಬಿಯವರಲ್ಲಿ ಎಂಡಿಆರ್ ಇದ್ರೆ ಗಂಟಿನ, ಬೆನ್ನಿನ ಟಿಬಿಯವರಲ್ಲೂ ಇದ್ದೇ ಇರುತ್ತೆ. ವ್ಯತ್ಯಾಸ ಇರೋದು ಪತ್ತೆಯಲ್ಲಿ ಮತ್ತು ಔಷಧಿ ಅಲ್ಲಿಗೆ ತಲುಪೋದ್ರಲ್ಲಿ.

ಮೆದುಳಿನ ಟಿಬಿ ತಗೊಳ್ಳಿ. ರಕ್ತದಿಂದ ಮೆದುಳಿಗೆ ಎಲ್ಲಾ ಔಷಧಿ ಹೋಗಲ್ಲ. ಐಸೋನಿಯಜಿಡ್ ಮತ್ತು ಪೈರಾಜಿನಮೈಡ್ ಚೆನ್ನಾಗಿ ಹೋಗ್ತವೆ, ರಿಫಾಂಪಿಸಿನ್ ತುಂಬಾ ಕಮ್ಮಿ, ಎಥಾಂಬುಟಾಲ್ ಕೂಡ ಕಮ್ಮಿ. ಅಂದ್ರೆ ನಾಲ್ಕು ಮಾತ್ರೆ ಕೊಟ್ರೂ ಅಲ್ಲಿ ಭಾರ ಹೊರೋದು ಮುಖ್ಯವಾಗಿ ಎರಡು. ಅದರಲ್ಲಿ ಐಸೋನಿಯಜಿಡ್‌ಗೆ ಬ್ಯಾಕ್ಟೀರಿಯಾ ಬಗ್ಗದಿದ್ರೆ? ಮಾಮೂಲಿ ಸಿಬಿನ್ಯಾಟ್ ಹೇಳೋದು ರಿಫಾಂಪಿಸಿನ್ ಕೆಲಸ ಮಾಡುತ್ತಾ ಇಲ್ವಾ ಅಂತ ಮಾತ್ರ. ರಿಪೋರ್ಟಲ್ಲಿ 'ರಿಫಾಂಪಿಸಿನ್ ರೆಸಿಸ್ಟೆನ್ಸ್ ಇಲ್ಲ' ಅಂತ ಬಂದ್ರೆ ಎಲ್ಲಾ ಸರಿ ಇದೆ ಅಂತ ಮನೆಯವರು ಉಸಿರು ಬಿಡ್ತಾರೆ, ಆದ್ರೆ ಕಫದ ಲೆಕ್ಕವನ್ನೇ ಹಿಡಿದ್ರೂ ಹೊಸ ರೋಗಿಗಳಲ್ಲಿ ಸುಮಾರು ಹನ್ನೆರಡರಲ್ಲಿ ಒಬ್ಬರಿಗೆ ರಿಫಾಂಪಿಸಿನ್ ಕೆಲಸ ಮಾಡಿದ್ರೂ ಐಸೋನಿಯಜಿಡ್ ಕೈಕೊಟ್ಟಿರುತ್ತೆ. ಅದನ್ನ ತಿಳಿಯೋ ಎಲ್‌ಪಿಎ ಟೆಸ್ಟನ್ನ ಬ್ಯಾಕ್ಟೀರಿಯಾ ತುಂಬಿದ ಕಫದ ಮೇಲಾದ್ರೆ ನೇರವಾಗಿ ಮಾಡಬಹುದು, ಮೆದುಳಿನ ಟಿಬಿಗೆ ತೆಗೆಯೋ ಬೆನ್ನಿನ ನೀರಿಗೆ ಮೊದಲು ಕಲ್ಚರ್ ಬೆಳೆಸಬೇಕು, ದ್ರವ ಕಲ್ಚರ್‌ನಲ್ಲಿ ಬೆಳೆದಿಲ್ಲ ಅಂತ ಹೇಳೋಕೇ 42 ದಿನ ಕಾಯ್ತಾರೆ. ಮೆನಿಂಜೈಟಿಸ್ ಬಂದ ರೋಗಿಗೆ ಅಷ್ಟು ಟೈಮ್ ಎಲ್ಲಿರುತ್ತೆ.

2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಬಿಪಾಲ್ಎಂ ಕೋರ್ಸ್, ಬೆಡಾಕ್ವಿಲಿನ್, ಪ್ರೆಟೊಮಾನಿಡ್, ಲೈನೆಜೊಲಿಡ್, ಮಾಕ್ಸಿಫ್ಲಾಕ್ಸಸಿನ್ ಸೇರಿದ್ದು, ಎಂಡಿಆರ್ ಚಿಕಿತ್ಸೆಯನ್ನ 20 ತಿಂಗಳ ತನಕ ಹೋಗ್ತಿದ್ದಿದ್ದನ್ನ 6 ತಿಂಗಳಿಗೆ ಇಳಿಸ್ತು. ತುಂಬಾ ಒಳ್ಳೇ ಸುದ್ದಿ. ಆದ್ರೆ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸಿನಲ್ಲಿ ಮೆದುಳು-ನರಮಂಡಲದ ಟಿಬಿ, ಮೂಳೆ-ಕೀಲಿನ ಟಿಬಿ, ಮೈಯೆಲ್ಲಾ ಹರಡಿದ ಟಿಬಿ ಇದರ ಹೊರಗಿವೆ. ಕತ್ತಿನ ಗಂಟಿಗೆ ಸಿಗುತ್ತೆ, ಬೆನ್ನುಮೂಳೆಗೆ ಸಿಗಲ್ಲ. ಅತಿ ಹೆಚ್ಚು ಅಂಗವೈಕಲ್ಯ ತರೋ ರೂಪಗಳೇ ಹಳೇ ಉದ್ದದ ಕೋರ್ಸಿನಲ್ಲಿ ಉಳಿದಿವೆ.

ಗಂಟು ದೊಡ್ಡದಾದ್ರೆ ಔಷಧಿ ಕೆಲಸ ಮಾಡ್ತಿಲ್ಲ ಅಂತಾನಾ?

ಅಲ್ಲ, ಯಾವಾಗಲೂ ಅಲ್ಲ. ಮಾತ್ರೆ ಶುರುವಾದ ಒಂದೆರಡು ತಿಂಗಳಲ್ಲಿ ಗಂಟು ಇನ್ನಷ್ಟು ಊದೋದು, ಪಕ್ಕದಲ್ಲಿ ಹೊಸ ಗಂಟು ಏಳೋದು, ಕೀವು ಬರೋದು ಆಗುತ್ತೆ. ಸಾಯ್ತಿರೋ ಬ್ಯಾಕ್ಟೀರಿಯಾದ ಚೂರುಗಳ ಮೇಲೆ ದೇಹ ತಿರುಗಿ ಬೀಳೋದರಿಂದ ಹೀಗಾಗುತ್ತೆ. ಇದನ್ನ ರೆಸಿಸ್ಟೆನ್ಸ್ ಅಂದ್ಕೊಂಡು ಕೆಲವರು ಔಷಧಿ ಬದಲಿಸ್ತಾರೆ, ಕೆಲವರು ಮಾತ್ರೇನೇ ಬಿಟ್ಬಿಡ್ತಾರೆ, ಆಗ ನಿಜವಾದ ರೆಸಿಸ್ಟೆನ್ಸ್ ಹುಟ್ಟೋಕೆ ದಾರಿ ಆಗುತ್ತೆ. ಎರಡನ್ನೂ ಬೇರೆ ಮಾಡಿ ಹೇಳೋಕೆ ಮತ್ತೆ ಆ ಕಲ್ಚರ್ ರಿಪೋರ್ಟೇ ಬೇಕು, ಶುರುವಲ್ಲಿ ಕಳಿಸಿದ್ರೆ ತಾನೇ ಇರೋದು.

ಕೋರ್ಸ್ ಎಷ್ಟು ದಿನ ಅನ್ನೋದೂ ಜಾಗದ ಮೇಲೆ ಹೋಗುತ್ತೆ. ಗಂಟು, ಎದೆ ನೀರು, ಹೊಟ್ಟೆಗೆ 6 ತಿಂಗಳು. ಮೆದುಳಿಗೆ 9ರಿಂದ 12, ಬೆನ್ನುಮೂಳೆಗೆ 12 ತಿಂಗಳು, ಕೆಲವೊಮ್ಮೆ ಅದಕ್ಕೂ ಮೇಲೆ. ಕೋರ್ಸ್ ಉದ್ದ ಆದಷ್ಟೂ ಎಥಾಂಬುಟಾಲ್‌ನಿಂದ ಕಣ್ಣಿನ ನರಕ್ಕೆ ಪೆಟ್ಟಾಗೋ ಅಪಾಯ ಇರುತ್ತೆ, ಬಣ್ಣ ಗುರುತು ಸಿಗದೇ ಹೋದ್ರೆ, ದೃಷ್ಟಿ ಮಂಜಾದ್ರೆ ಅವತ್ತೇ ಡಾಕ್ಟರಿಗೆ ಹೇಳಬೇಕು.

ಯಾರಿಗೆ ಅಪಾಯ ಜಾಸ್ತಿ

ಎಚ್‌ಐವಿ ಎಲ್ಲಕ್ಕಿಂತ ಮೇಲೆ. ಎಚ್‌ಐವಿ ಇಲ್ಲದ ದೊಡ್ಡವರ ಟಿಬಿಯಲ್ಲಿ ಶೇ. 15ರಿಂದ 20 ಹೊರಗಿನದು ಅಂತ ವೈದ್ಯಕೀಯ ಲೆಕ್ಕ, ಎಚ್‌ಐವಿ ಇದ್ರೆ ಅರ್ಧಕ್ಕೂ ಹೆಚ್ಚು. ಬ್ಯಾಕ್ಟೀರಿಯಾವನ್ನ ಒಂದು ಜಾಗದಲ್ಲಿ ಗೋಡೆ ಕಟ್ಟಿ ಕೂಡಿಹಾಕೋ ಜೀವಕೋಶಗಳನ್ನೇ ವೈರಸ್ ತಿಂದುಹಾಕೋದು ಕಾರಣ. ಸಂಧಿವಾತ, ಸೋರಿಯಾಸಿಸ್, ಕ್ರೋನ್ಸ್‌ಗೆ ಕೊಡೋ ಇನ್‌ಫ್ಲಿಕ್ಸಿಮಾಬ್, ಅಡಾಲಿಮುಮಾಬ್ ಥರದ ಇಂಜೆಕ್ಷನ್‌ಗಳೂ ಅದೇ ಗೋಡೆಯನ್ನ ಸಡಿಲ ಮಾಡ್ತವೆ, ಅದಕ್ಕೇ ಶುರು ಮಾಡೋ ಮುಂಚೆ ಟಿಬಿ ಟೆಸ್ಟು. ಕಿಡ್ನಿ ಫೇಲಾಗಿ ಡಯಾಲಿಸಿಸ್‌ನಲ್ಲಿರೋರು, ಅಂಗಾಂಗ ಕಸಿ ಆದವರು, ತುಂಬಾ ದಿನ ಸ್ಟಿರಾಯ್ಡ್ ತಗೊಂಡವರು ಕೂಡ.

ಪುಟ್ಟ ಮಕ್ಕಳಿಗೆ ಮೆದುಳಿಗೆ ಹತ್ತೋದು ಜಾಸ್ತಿ. ಹುಟ್ಟಿದಾಗ ಹಾಕೋ ಬಿಸಿಜಿ ಕಾಪಾಡೋದು ಮುಖ್ಯವಾಗಿ ಇದರಿಂದಲೇ. ದೊಡ್ಡವರ ಶ್ವಾಸಕೋಶದ ಟಿಬಿಗೆ ಅದು ಉಪಯೋಗಕ್ಕೆ ಬರಲಿಲ್ಲ ಅಂತ ತಮಿಳುನಾಡಿನ ಚಿಂಗಲ್‌ಪೇಟ್ ಪ್ರಯೋಗ ತೋರಿಸಿದ ಮೇಲೂ ಲಸಿಕೆ ಮುಂದುವರಿದಿರೋದು ಇದಕ್ಕೇ. ಹೆಂಗಸರಲ್ಲಿ ಹೊರಗಿನ ಟಿಬಿಯ ಪಾಲು ಗಂಡಸರಿಗಿಂತ ಹೆಚ್ಚು ಅಂತ ದೇಶದೇಶಗಳಲ್ಲಿ ಕಂಡಿದೆ, ಇದಕ್ಕೆ ಹಾರ್ಮೋನ್ ಕಾರಣನಾ, ಗಂಡಸರಲ್ಲಿ ಬೀಡಿ-ಸಿಗರೇಟಿಂದ ಶ್ವಾಸಕೋಶದ ಟಿಬಿ ಜಾಸ್ತಿ ಇರೋದರಿಂದ ಹಾಗೆ ಕಾಣುತ್ತಾ ಅನ್ನೋ ಚರ್ಚೆ ನಡೀತಾನೇ ಇದೆ. ಸಕ್ಕರೆ ಕಾಯಿಲೆ ಟಿಬಿ ಅಪಾಯವನ್ನ ಎರಡು-ಮೂರು ಪಟ್ಟು ಮಾಡುತ್ತೆ, ಆದ್ರೆ ಹಲವು ಅಧ್ಯಯನಗಳಲ್ಲಿ ಅದರ ಒಲವು ಶ್ವಾಸಕೋಶದ ಕಡೆಗೇ.

ಹಸಿ ಹಾಲಿನ ಬಗ್ಗೆ ತುಂಬಾ ಜನ ಕೇಳ್ತಾರೆ. ದನದ ಟಿಬಿ ಹಾಲಿನಿಂದ ಕತ್ತಿನ ಗಂಟಿಗೆ, ಕರುಳಿಗೆ ಬರಬಹುದು, ಯುರೋಪಿನಲ್ಲಿ ಹಾಲು ಕಾಯಿಸಿ ಮಾರೋ ಪದ್ಧತಿ ಬರೋ ಮುಂಚೆ ತುಂಬಾ ಇತ್ತು. ವೆಲ್ಲೂರಿನಲ್ಲಿ 940 ರೋಗಿಗಳ ಬ್ಯಾಕ್ಟೀರಿಯಾ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದನದ ಟಿಬಿ ತರೋ ಬೋವಿಸ್ ಅನ್ನೋ ಬ್ಯಾಕ್ಟೀರಿಯಾ ಸಿಗಲಿಲ್ಲ, ಅದರ ದಾಯಾದಿ ಒರಿಜಿಸ್ ಬೆರಳೆಣಿಕೆಯಷ್ಟು ಸಿಕ್ತು. ನಮ್ಮಲ್ಲಿ ಹಾಲು ಉಕ್ಕಿಸದೇ ಕುಡಿಯೋರು ಕಮ್ಮಿ ಅನ್ನೋದೂ ಇರಬಹುದು.

ಇನ್ನು ಎಲ್ಲಕ್ಕಿಂತ ಹೆಚ್ಚು ಜನರನ್ನ ಮುಟ್ಟೋದು ಊಟ. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಮುಂದಾಳತ್ವದಲ್ಲಿ ಜಾರ್ಖಂಡ್‌ನಲ್ಲಿ ನಡೆದ ರೇಷನ್ಸ್ ಪ್ರಯೋಗ, 2023ರಲ್ಲಿ ಪ್ರಕಟ ಆಗಿದ್ದು, ಅದರಲ್ಲಿ ರೋಗಿಯ ಮನೆಯವರಿಗೆ ಅಕ್ಕಿ, ಬೇಳೆ ಕೊಟ್ರು. ಆ ಮನೆಗಳಲ್ಲಿ ಹೊಸ ಟಿಬಿ, ಎಲ್ಲಾ ರೂಪವೂ ಸೇರಿ, ಶೇ. 39 ಕಮ್ಮಿ ಆಯ್ತು. ಇಷ್ಟು ಫಲ ಕೊಡೋ ಲಸಿಕೆ ಬಂದಿದ್ರೆ ಎಷ್ಟು ಸದ್ದಾಗ್ತಿತ್ತೋ. ಟಿಬಿ ರೋಗಿಗಳ ಊಟಕ್ಕೆ ಅಂತ ಸರ್ಕಾರ ಕೊಡೋ ನಿಕ್ಷಯ್ ಪೋಷಣ್ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 500ರ ಬದಲು 1,000 ರೂಪಾಯಿ ಆಗಿದೆ, ಹೊರಗಿನ ಟಿಬಿಯವರಿಗೂ ಸಿಗುತ್ತೆ, ಗಂಟಿಗೆ ಸಿಗಲ್ಲ ಅಂದ್ಕೊಂಡು ಎಷ್ಟೋ ಜನ ಹೆಸರೇ ಬರೆಸಲ್ಲ.

ಎರಡು ವಾದ, ಮತ್ತೆ ಮುಂದೇನು

ಕಾರ್ಯಕ್ರಮ ನಡೆಸೋರ ವಾದ: ಗಂಟಲಿನ ಧ್ವನಿಪೆಟ್ಟಿಗೆಯದ್ದು ಬಿಟ್ರೆ ಹೊರಗಿನ ಟಿಬಿ ಸಾಮಾನ್ಯವಾಗಿ ಇನ್ನೊಬ್ಬರಿಗೆ ಅಂಟಲ್ಲ, ದುಡ್ಡು ಸೀಮಿತ, ಶ್ವಾಸಕೋಶದ ಟಿಬಿ ನಿಂತ್ರೆ ಹೊರಗಿನದೂ ತಾನಾಗೇ ಇಳಿಯುತ್ತೆ. ಇದರಲ್ಲಿ ಹುರುಳಿದೆ. ನರರೋಗ, ಮೂಳೆ, ಮಕ್ಕಳ ವಿಭಾಗದ ಡಾಕ್ಟರರ ವಾದ: ಇಳಿಯೋ ತನಕ ಹತ್ತಿಪ್ಪತ್ತು ವರ್ಷ ಲಕ್ಷಾಂತರ ಜನ ಕಾಲು ಕಳ್ಕೊಂಡು, ಕಣ್ಣು ಕಳ್ಕೊಂಡು ಕೂರಬೇಕಾ? ಹರಡೋದನ್ನ ಮಾತ್ರ ಅಳೆಯೋ ಲೆಕ್ಕದಲ್ಲಿ ಇವರ ನಷ್ಟ ಕಾಣೋದೇ ಇಲ್ಲ. ಹೊರಗಿನ ಟಿಬಿಗೇ ಅಂತ ದೇಶದ ಮಾರ್ಗಸೂಚಿ ಬಂದಿದ್ದೇ 2016ರಲ್ಲಿ.

ನನಗೆ ಎರಡನೇ ವಾದ ಹೆಚ್ಚು ಸರಿ ಅನ್ಸುತ್ತೆ, ಒಂದೇ ಕಾರಣಕ್ಕೆ: ಮಾಡಬೇಕಾದ ಕೆಲಸ ಅಷ್ಟು ದುಬಾರಿ ಅಲ್ಲ. ಆಪರೇಷನ್ ಥಿಯೇಟರಿನಲ್ಲಿ ಇನ್ನೊಂದು ಸಲೈನ್ ಬಾಟಲಿ, ಜಿಲ್ಲಾಸ್ಪತ್ರೆಯಿಂದ ಕಲ್ಚರ್ ಲ್ಯಾಬಿಗೆ ಸ್ಯಾಂಪಲ್ ಹೋಗೋಕೆ ದಾರಿ, ಮುಂದಿನ ರೆಸಿಸ್ಟೆನ್ಸ್ ಸಮೀಕ್ಷೆಯಲ್ಲಿ ಗಂಟು, ಬೆನ್ನಿನ ನೀರಿನ ಸ್ಯಾಂಪಲ್‌ಗಳಿಗೂ ಜಾಗ. ಇವು ಆದ್ರೆ ಮುಂದಿನ ಕೆಲವು ವರ್ಷ ಹೊರಗಿನ ಟಿಬಿಯ ಕೇಸ್‌ಗಳೂ, ಅದರಲ್ಲಿ ಎಂಡಿಆರ್ ಕೂಡ, ವರದಿಯಲ್ಲಿ ಮೇಲೇರಿದ ಹಾಗೆ ಕಾಣುತ್ತೆ, ಟಿವಿಯಲ್ಲಿ 'ಹೊಸ ಥರದ ಟಿಬಿ ಹಬ್ಬುತ್ತಿದೆ' ಅಂತ ಬಂದ್ರೂ ಆಶ್ಚರ್ಯ ಇಲ್ಲ. ಇನ್ನೊಂದು ಕಡೆ, ಖಚಿತ ಟೆಸ್ಟ್ ಹೆಚ್ಚಾದಷ್ಟು ಸುಮ್ಸುಮ್ನೆ ಟಿಬಿ ಅಂತ ಬರೆದಿದ್ದ ಕ್ರೋನ್ಸ್, ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್) ಕೇಸ್‌ಗಳು ಪಟ್ಟಿಯಿಂದ ಹೊರಗೆ ಹೋಗ್ತವೆ, ಹಾಗಾಗಿ ಒಟ್ಟು ಸಂಖ್ಯೆ ಕೊನೆಗೆ ಏರುತ್ತಾ ಇಳಿಯುತ್ತಾ ಅನ್ನೋದು ಈ ಎರಡರಲ್ಲಿ ಯಾವುದು ದೊಡ್ಡದು ಅನ್ನೋದರ ಮೇಲೆ ನಿಂತಿದೆ.